ಬಡತನ ಮತ್ತು ಮನಸ್ಸಿನ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ನಡೆದ ಮಾತುಕತೆಗಳಲ್ಲಿ, ಬಂದ ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಮರಳಿ ಮರಳಿ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು. ಮನೆಯಲ್ಲಿ ಯಾರಾದರೂ ಸಾಯುವ ಮಾತನಾಡುತ್ತಿದ್ದರೆ ಇದನ್ನು ಓದುತ್ತ ಕೂರದೆ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.

## ಮೊದಲಿಗೆ ಕೇಳುವ ಪ್ರಶ್ನೆಗಳು

ಹೊಟ್ಟೆಗೇ ಇಲ್ಲದೋರಿಗೆ ಮನಸ್ಸಿನ ಕಾಯಿಲೆ ಎಲ್ಲಿಂದ ಬರುತ್ತೆ ಸಾರ್? ಅದು ದುಡ್ಡಿರೋರ ರೋಗ ಅಲ್ವಾ?

ಅಲ್ಲ. ದುಡ್ಡಿರುವವರು ವೈದ್ಯರ ಬಳಿಗೆ ಹೋಗುತ್ತಾರೆ, ಕಾಯಿಲೆಗೆ ಹೆಸರು ಸಿಗುತ್ತದೆ, ಆದ್ದರಿಂದ ಅದು ಅವರದೇ ಕಾಯಿಲೆ ಎಂಬಂತೆ ಕಾಣುತ್ತದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಒಂದು ಸಮಾಜದಲ್ಲಿ ಅತಿ ಕಡಿಮೆ ಆದಾಯವುಳ್ಳವರಲ್ಲಿ ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಅತಿ ಹೆಚ್ಚು ಆದಾಯವುಳ್ಳವರಲ್ಲಿ ಇರುವುದಕ್ಕಿಂತ ಒಂದೂವರೆಯಿಂದ ಮೂರು ಪಟ್ಟು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿಯೂ ನೂರಕ್ಕೆ ಸುಮಾರು ಹತ್ತು ವಯಸ್ಕರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದುದು ಕಂಡುಬಂತು, ಬಡ ಕುಟುಂಬಗಳ ಮೇಲೆಯೇ ಅದರ ಹೊರೆ ಹೆಚ್ಚಾಗಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಸಾಲ ಇದ್ದೋರಿಗೆಲ್ಲ ಚಿಂತೆ ಇದ್ದದ್ದೇ. ಯಾವುದು ಬರೀ ಚಿಂತೆ, ಯಾವುದು ಕಾಯಿಲೆ ಅಂತ ಹೆಂಗೆ ಗೊತ್ತಾಗ್ಬೇಕು?

ಚಿಂತೆಗೆ ಕಾರಣವಿದೆಯೇ ಎಂದು ನೋಡಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಬಡವರ ಮನೆಯಲ್ಲಿ ಕಾರಣಗಳಿಗೆ ಬರವಿಲ್ಲ. ಅದು ಎಷ್ಟು ದಿನದಿಂದ ಇದೆ, ಯಾವ ಯಾವ ಕೆಲಸವನ್ನು ನಿಲ್ಲಿಸಿದೆ ಎಂದು ನೋಡಬೇಕು. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸ್ನಾನಕ್ಕೂ ಏಳಲಾಗದಂಥ ಆಯಾಸ, ತಾನು ಯಾರಿಗೂ ಬೇಡದವನೆಂಬ ಭಾವನೆ, ಬದುಕೇ ಬೇಡವೆಂಬ ಯೋಚನೆ: ಇವುಗಳಲ್ಲಿ ಹಲವು ಒಟ್ಟಿಗೆ ಕಾಣಿಸಿಕೊಂಡರೆ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಗುರುತನ್ನು ಮನೆಯವರು ಸುಲಭವಾಗಿ ಹಿಡಿಯಬಹುದು. ಬರೀ ಚಿಂತೆಯಾಗಿದ್ದರೆ ಒಳ್ಳೆಯ ಸುದ್ದಿ ಬಂದಾಗ ಸ್ವಲ್ಪವಾದರೂ ಇಳಿಯುತ್ತದೆ; ತಿಂಗಳಿನಿಂದ ಕಾದ ಮಳೆ ಬಿದ್ದು ಊರವರೆಲ್ಲ ಬಿತ್ತನೆಗೆ ಹೊರಟರೂ ಒಬ್ಬ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದರೆ ಅದು ಸೋಮಾರಿತನವೆಂದು ಬೈಯುವ ಸಂಗತಿಯಲ್ಲ.

ನಮ್ಮವ್ವಗ ತಲಿನೋವು, ಎದಿ ಉರಿ, ಕೈಕಾಲು ಜೋಮು. ಎಷ್ಟು ಸಲ ತೋರಿಸಿದ್ರೂ ಏನೂ ಇಲ್ಲ ಅಂತಾರ. ಹಂಗಾದ್ರ ಸುಳ್ಳು ಹೇಳ್ತಾಳೇನು?

ಸುಳ್ಳಲ್ಲ, ನೋವು ನಿಜವಾದದ್ದೇ. ಖಿನ್ನತೆ ಮತ್ತು ಆತಂಕಗಳು ನಮ್ಮ ಕಡೆ ಬಹಳ ಸಲ ದೇಹದ ಮೂಲಕವೇ ಮಾತನಾಡುತ್ತವೆ. ‘ಮನಸ್ಸಿಗೆ ಬೇಜಾರು’ ಎಂದು ಹೇಳಿಕೊಂಡು ಆಸ್ಪತ್ರೆಗೆ ಹೋಗುವ ಕೂಲಿ ಹೆಂಗಸನ್ನು ಕಾಣುವುದು ಅಪರೂಪ. ಸುಸ್ತು, ನೆತ್ತಿ ಉರಿ, ಬೆನ್ನುನೋವು ಎಂದೇ ಅವರು ಹೋಗುತ್ತಾರೆ, ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡು, ಒಂದೆರಡು ದಿನದ ಕೂಲಿ ಕಳೆದುಕೊಂಡು ಬರುತ್ತಾರೆ. ಹಾಗೆಂದು ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವುದೂ ತಪ್ಪು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಸಕ್ಕರೆ ಕಾಯಿಲೆಗಳಲ್ಲಿಯೂ ಇಂಥದೇ ಸುಸ್ತು ಮತ್ತು ಜೋಮು ಇರುತ್ತವೆ. ಮೊದಲು ಅವುಗಳ ರಕ್ತಪರೀಕ್ಷೆ ಆಗಲಿ. ಅವು ಸರಿಯಿದ್ದರೆ ಮತ್ತೊಂದು ಸ್ಕ್ಯಾನಿಂಗಿಗೆ ಸಾಲ ಮಾಡದೆ, ನಿದ್ದೆ ಹೇಗಿದೆ, ಅಳು ಬರುತ್ತದೆಯೇ, ಮನೆಯಲ್ಲಿ ಹೊಡೆತ ಬಡಿತ ಇದೆಯೇ ಎಂದು ಕೇಳುವ ವೈದ್ಯರ ಬಳಿಗೆ ಅವರನ್ನು ಕರೆದುಕೊಂಡು ಹೋಗಿ. ಆ ಮಾತು ಬರುವಾಗ ಗಂಡಸರು ಹೊರಗೆ ಕುಳಿತಿದ್ದರೆ ಒಳ್ಳೆಯದು.

## ಸಾಲ, ಬರ, ಗುಳೆ, ಕುಡಿತ

ಬಡತನದಿಂದ ಹಿಂಗಾಗುತ್ತೋ, ಹಿಂಗಾಗಿದ್ದಕ್ಕೇ ಬಡತನ ಬರುತ್ತೋ?

ಎರಡೂ ಆಗುತ್ತವೆ, ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಆಗುತ್ತವೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆಯ ಖುಷ್ಕಿ ಬೇಸಾಯವನ್ನೇ ನೋಡಿ. ಶೇಂಗಾಕ್ಕೆ ಬೀಜ, ಗೊಬ್ಬರ ಎಂದು ಕೈಸಾಲ ಮಾಡಿದ ಮೇಲೆ ಹೂವು ಕಚ್ಚುವ ಹೊತ್ತಿಗೆ ಮಳೆ ಕೈಕೊಡುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಬೋರ್‌ವೆಲ್ ಕೊರೆಸಿ ನೀರು ಬೀಳದವನ ಮನೆಯಲ್ಲಿ ಸಾಲಕ್ಕೆ ಸಾಲ ಕೂಡುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವನು ಕೂಲಿಗೆ ಹೋಗುವುದು ತಪ್ಪುತ್ತದೆ, ವಿಮೆಯ ಕಂತು ಕಟ್ಟುವ ದಿನ ಮರೆತುಹೋಗುತ್ತದೆ, ಮಾರಬಾರದ ಹೊತ್ತಿನಲ್ಲಿ ಎತ್ತು ಮಾರಿಬಿಡುತ್ತಾನೆ.

ಈ ಕೊನೆಯ ಮಾತಿಗೆ ಆಧಾರವಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕೊಯ್ಲಾಗಿ ಹಣ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಮನವಿಟ್ಟು ಬಿಡಿಸಬೇಕಾದ ಅವೇ ಬಗೆಯ ಒಗಟುಗಳಲ್ಲಿ ಅದೇ ಮನುಷ್ಯರು ಕೊಯ್ಲಿನ ನಂತರ ಚೆನ್ನಾಗಿ ಮಾಡಿದರು, ಕೊಯ್ಲಿನ ಮುಂಚೆ ತಡವರಿಸಿದರು. ಹಣದ ಅಭಾವವೇ ತಲೆಯ ಒಂದು ಪಾಲನ್ನು ಆಕ್ರಮಿಸಿಕೊಂಡಿರುತ್ತದೆ ಎಂಬುದು ಅದರ ತಾತ್ಪರ್ಯ. ಬಡವರು ಬುದ್ಧಿಯಿಲ್ಲದೆ ಹಣ ಹಾಳುಮಾಡುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು.

ಕಾಯಿಲೆ ಮೊದಲು ಬಂದು ಬಡತನ ಹಿಂದಿನಿಂದ ಬರುವುದೂ ಉಂಟು. ಇಪ್ಪತ್ತರ ವಯಸ್ಸಿನ ಮಗನಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ತೀವ್ರ ಮಾನಸಿಕ ಕಾಯಿಲೆ) ಬಂದರೆ ಅವನ ದುಡಿಮೆಯ ಜೊತೆಗೆ ಅವನನ್ನು ಕಾಯುವ ತಾಯಿಯ ದುಡಿಮೆಯೂ ನಿಲ್ಲುತ್ತದೆ. ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಕುಟುಂಬಗಳು ಚಿಕಿತ್ಸೆ ಮತ್ತು ಓಡಾಟಕ್ಕೆಂದೇ ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿದ್ದುದು ತಿಳಿದುಬಂತು.

ಸಂಘದ ಕಂತಿನ ದಿನ ಬಂದ್ರೆ ಎದೆ ಡವಡವ ಅನ್ನುತ್ತೆ. ಮಾತ್ರೆ ತಗೊಂಡ್ರೆ ಸಾಲ ತೀರುತ್ತಾ ಅಕ್ಕಾ?

ತೀರುವುದಿಲ್ಲ. ಹಾಗೆ ತೀರುತ್ತದೆಂದು ಯಾರೂ ಹೇಳಬಾರದು. ಆದರೆ ವಾರಗಟ್ಟಲೆ ನಿದ್ದೆಗೆಟ್ಟವರು ಬ್ಯಾಂಕಿನ ಮ್ಯಾನೇಜರ ಮುಂದೆ ನಿಂತು ಕಂತಿನ ಅವಧಿ ವಿಸ್ತರಿಸಿ ಎಂದು ಕೇಳಲಾರರು. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದೊಂದೇ ಅವರಿಗೆ ಕಾಣುವ ದಾರಿಯಾಗುತ್ತದೆ. ಎದೆಬಡಿತಕ್ಕೆ ಚಿಕಿತ್ಸೆಯೂ ಬೇಕು, ಸಾಲಕ್ಕೆ ವ್ಯವಹಾರದ ಪರಿಹಾರವೂ ಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಹೆಚ್ಚು ದಿನ ನಡೆಯುವುದಿಲ್ಲ.

ವ್ಯವಹಾರದ ಕಡೆಯಿಂದ ತಿಳಿದಿರಬೇಕಾದದ್ದು: ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರ ಮಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಮನೆಯ ಮುಂದೆ ಬಂದು ಕೂರುವುದು, ಬೆದರಿಸುವುದು, ಹಿಂಬಾಲಿಸುವುದು, ವಸ್ತುಗಳನ್ನು ಎಳೆದುಕೊಂಡು ಹೋಗುವುದು ಅಪರಾಧ. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ. ದೂರನ್ನು ಪೊಲೀಸರು ತೆಗೆದುಕೊಳ್ಳಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು.

ಗುಳೆ ಹೋದ ಮೇಲೆ ನನ್ನ ತಮ್ಮ ಮಾತೇ ಕಡಿಮೆ ಮಾಡಿಬಿಟ್ಟಾನ. ಊರು ಬಿಟ್ಟಿದ್ದಕ್ಕ ಹಂಗಾಗತೈತೇನು?

ಆಗಬಹುದು. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋದವರಿಗೆ ಕೂಲಿ ಸಿಗುತ್ತದೆ, ಆದರೆ ಸಂಜೆ ಕಟ್ಟೆಯ ಮೇಲೆ ಕುಳಿತು ಮಾತನಾಡುವವರು ಸಿಗುವುದಿಲ್ಲ. ವಾರಕ್ಕೊಂದು ಸಲ ‘ದುಡ್ಡು ಕಳಿಸಿದೆಯಾ’ ಎಂದಷ್ಟೇ ಕೇಳಿ ಫೋನ್ ಇಡಬೇಡಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಗುಳೆ ಹೊರಡುವ ಮುಂಚೆ ವೈದ್ಯರ ಚೀಟಿಯ ನಕಲನ್ನೂ ಒಂದೆರಡು ತಿಂಗಳ ಮಾತ್ರೆಯನ್ನೂ ಜೊತೆಗಿಟ್ಟುಕೊಳ್ಳಲಿ.

ಅವರು ಕುಡಿಯೋದ್ರಿಂದ ಮನೆ ಹಾಳಾಗಿದೆ. ಇದೂ ಮನಸ್ಸಿನ ಕಾಯಿಲೆ ಅಂದ್ರೆ ಅವರಿಗೆ ನೆಪ ಕೊಟ್ಟಂಗೆ ಆಗಲ್ವಾ?

ಕೇಳಿದವರ ಸಿಟ್ಟು ನ್ಯಾಯವಾದದ್ದೇ. ಕುಡಿತದ ಚಟ ಕಾಯಿಲೆ ನಿಜ, ಹೆಂಡತಿಯನ್ನು ಹೊಡೆಯುವುದು ಕಾಯಿಲೆಯಲ್ಲ, ಅಪರಾಧ. ಹೊಡೆತಕ್ಕೆ 112 ಅಥವಾ ಮಹಿಳಾ ಸಹಾಯವಾಣಿ 181 ಇದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಹಮಾಲಿ ಮಾಡುವವರು, ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ದುಡಿಯುವವರು ಮೈಕೈ ನೋವಿಗೆಂದು ಆರಂಭಿಸಿದ್ದು ಆಮೇಲೆ ಬೆಳಗಿನ ಕೈನಡುಕ ನಿಲ್ಲಿಸಲು ಕುಡಿಯಲೇಬೇಕೆಂಬ ಸ್ಥಿತಿಗೆ ಬರುತ್ತದೆ.

ಒಂದು ಎಚ್ಚರಿಕೆ ಬಹಳ ಮುಖ್ಯ. ವರ್ಷಗಟ್ಟಲೆ ದಿನವೂ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ, ಆಣೆ ಮಾಡಿಸಿ ಸುಮ್ಮನಾಗಬೇಡಿ. ಕುಡಿತ ನಿಂತ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯವಾಗಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಮತ್ತು ಬಿ-1 ಜೀವಸತ್ವ ಕೊಟ್ಟು ಬಿಡಿಸಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೂ ಅಲ್ಲಿ ವೈದ್ಯರಿದ್ದಾರೆಯೇ ಎಂದು ಮೊದಲು ಕೇಳಿ.

## ಚಿಕಿತ್ಸೆಯ ಬಗ್ಗೆ

ಬೆಂಗಳೂರಿಗೆ ಹೋಗೋ ಶಕ್ತಿ ಇಲ್ಲ. ಇಲ್ಲೇ ಎಲ್ಲಿ ತೋರಿಸ್ಬೇಕು, ಎಷ್ಟು ಖರ್ಚಾಗುತ್ತೆ?

ಹೆಚ್ಚಿನವರು ಬೆಂಗಳೂರಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ, ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಪಾಸಣೆ ಮತ್ತು ಮಾತ್ರೆ ಸಿಗುತ್ತವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬಂದು ಹೋಗುವ ವ್ಯವಸ್ಥೆ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿದೆ. ನಿಮ್ಮ ತಾಲ್ಲೂಕಿಗೆ ತಿಂಗಳಿನ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ಮುಂಚೆಯೇ ತಿಳಿದುಕೊಂಡು ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ.

ಖರ್ಚಿನ ಮಾತು: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಮಿನ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರು, ನಿರ್ಗತಿಕರು ಮತ್ತು ಮನೆಯಿಲ್ಲದವರು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ ಚಿಕಿತ್ಸೆಗೆ ಹಕ್ಕುದಾರರು, ಅವರ ಬಳಿ ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ. ಕಾರ್ಡ್ ಇಲ್ಲವೆಂದು ವಾಪಸು ಕಳಿಸಿದರೆ ಈ ಮಾತನ್ನು ನೆನಪಿಸಿ. ಮಾತ್ರೆ ದಾಸ್ತಾನಿಲ್ಲದ ದಿನ ಹೊರಗೆ ಕೊಳ್ಳಬೇಕಾದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಬ್ರ್ಯಾಂಡಿನ ಮಾತ್ರೆಗಿಂತ ಅಲ್ಲಿ ಬಹಳ ಅಗ್ಗ. ಬಸ್ ಚಾರ್ಜು 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಇಲ್ಲ. ಹೊಸ ತೊಂದರೆ ಏನೂ ಇಲ್ಲದೆ ಮಾತ್ರೆಯಷ್ಟೇ ತರಬೇಕಾದ ದಿನ ರೋಗಿಯ ಬದಲು ತಾಯಿಯೋ ಅಕ್ಕನೋ ಚೀಟಿ ಹಿಡಿದು ಬರಬಹುದೇ ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಒಮ್ಮೆ ಶುರು ಮಾಡಿದ್ರೆ ಸಾಯೋತನಕ ನುಂಗ್ಬೇಕಂತೆ, ಅಮಲು ಬರುತ್ತಂತೆ, ಹೌದಾ?

ಖಿನ್ನತೆಗೆ ಕೊಡುವ ಮಾತ್ರೆಗಳು ಅಮಲಿನವಲ್ಲ, ಮದ್ಯದಂತೆ ಚಟ ಹಿಡಿಸುವವೂ ಅಲ್ಲ. ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲ ವಾರದಲ್ಲೇ ಬರುತ್ತದೆ. ಜನ ಮಾತ್ರೆ ಬಿಡುವುದು ಈ ಮಧ್ಯದ ದಿನಗಳಲ್ಲೇ. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಸ್ಕಿಜೋಫ್ರೇನಿಯಾ, ಅತಿ ಉತ್ಸಾಹವೂ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್‌ನಂಥ ಕಾಯಿಲೆಗಳಿಗೆ ವರ್ಷಗಟ್ಟಲೆ ಬೇಕಾಗಬಹುದು; ಬಿ.ಪಿ., ಸಕ್ಕರೆ ಕಾಯಿಲೆಗೆ ಯಾರೂ ಅದನ್ನು ದೂರುವುದಿಲ್ಲ. ಅಮಲು ಮತ್ತು ಚಟದ ಭಯ ಸರಿಯಾಗಿ ಅನ್ವಯಿಸುವುದು ಕೆಲವು ನಿದ್ದೆ ಮಾತ್ರೆಗಳಿಗೆ. ಅವನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ತರುವುದನ್ನು ಬಿಡಬೇಕು.

ಉಕ್ಕಡಗಾತ್ರಿಗೆ ಕರ್ಕೊಂಡು ಹೋಗಿದ್ವಿ, ಸ್ವಲ್ಪ ಗುಣ ಆಗಿತ್ತು. ಹಂಗಿದ್ದ ಮೇಲೆ ಆಸ್ಪತ್ರೆ ಯಾಕೆ?

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಅಜ್ಜಯ್ಯನ ಗದ್ದುಗೆಯನ್ನು ನಂಬಿ ‘ಗಾಳಿ ಸೋಕಿದೆ’ ಎಂದು ಬರುವ ಕುಟುಂಬಗಳು ಈ ಭಾಗದಲ್ಲಿ ಲೆಕ್ಕವಿಲ್ಲದಷ್ಟಿವೆ. ಸ್ವಲ್ಪ ಗುಣವಾಯಿತೆಂಬ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಕೆಲವು ವಾರ ತಂಗಿದ್ದ ತೀವ್ರ ಕಾಯಿಲೆಯವರನ್ನು ನಿಮ್ಹಾನ್ಸ್‌ನ ವೈದ್ಯರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಔಷಧವಿಲ್ಲದೆಯೂ ಅವರ ಲಕ್ಷಣಗಳು ಶೇಕಡಾ 20ರಷ್ಟು ಇಳಿದಿದ್ದವು. ಅಲ್ಲಿ ಹೊಡೆತವಿರಲಿಲ್ಲ, ಸಂಕೋಲೆಯಿರಲಿಲ್ಲ. ಜೊತೆಗೆ ಮನೆಯವರಿದ್ದರು, ಹಗುರವಾದ ಕೆಲಸಗಳಿದ್ದವು. ಅದೇ ರಾಜ್ಯದ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದವರು ಓಡಲಾಗದೆ 28 ಮಂದಿ ಸತ್ತರು. ನಂಬಿಕೆಯ ಜಾಗಕ್ಕೂ ಹಿಂಸೆಯ ಜಾಗಕ್ಕೂ ಇರುವ ಅಂತರ ಅಷ್ಟು.

ಆದ್ದರಿಂದ ಹರಕೆ ತೀರಿಸಿ, ಅಮಾವಾಸ್ಯೆಗೆ ಹೋಗಿ ಬನ್ನಿ, ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ದೆವ್ವ ಬಿಡಿಸುವ ಹೆಸರಿನಲ್ಲಿ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು 2020ರಿಂದ ಜಾರಿಯಲ್ಲಿರುವ ರಾಜ್ಯದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯ ಕೈಗೆ ಸಿಗುವಂಥವು.

ಬಾಣಂತಿ ಮಗೂನ ಕಡೆ ನೋಡ್ತಾನೇ ಇಲ್ಲ, ಅಳ್ತಾಳೆ. ಇದಕ್ಕೂ ಡಾಕ್ಟ್ರು ಬೇಕಾ?

ಹೆರಿಗೆಯಾದ ಮೊದಲ ವಾರದ ಅಳು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೆ ಬೇಕು. ದೇಶದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ನೂರರಲ್ಲಿ ಸುಮಾರು 22 ಬಾಣಂತಿಯರಲ್ಲಿ ಖಿನ್ನತೆ ಕಂಡುಬಂದಿದೆ. ಹೆಣ್ಣು ಹುಟ್ಟಿದ್ದಕ್ಕೆ ಮುಖ ತಿರುಗಿಸಿದ ಮನೆಗಳಲ್ಲಿ, ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ರೂಢಿ ಇನ್ನೂ ಪೂರ್ತಿ ನಿಲ್ಲದ ಕಡೆಗಳಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ನಿದ್ದೆಯೇ ಇಲ್ಲದೆ ಏನೇನೋ ಮಾತನಾಡುತ್ತಿದ್ದರೆ, ಮಗುವಿಗೆ ಕೇಡಾಗುತ್ತದೆಂದು ಹೆದರುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಎದೆಹಾಲು ಕುಡಿಸುವಾಗಲೂ ಕೊಡಬಹುದಾದ ಮಾತ್ರೆಗಳಿವೆ.

## ಕಾನೂನು, ಪಿಂಚಣಿ, ಮುಂದಿನ ಪ್ರಶ್ನೆಗಳು

ನಾವು ಕೂಲಿಗೆ ಹೋದಾಗ ಅಣ್ಣನ್ನ ಕಟ್ಟಿಹಾಕದೆ ಬೇರೆ ದಾರಿ ಇಲ್ಲ. ಅದಕ್ಕೂ ಕೇಸ್ ಹಾಕ್ತಾರಾ?

ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ. ಮನೆಯವರು ಕ್ರೂರಿಗಳೆಂದು ಹೇಳುವುದು ಸುಲಭ. ಇಬ್ಬರು ದುಡಿದರೆ ಮಾತ್ರ ಒಲೆ ಉರಿಯುವ ಮನೆಯಲ್ಲಿ ಮೂರನೆಯವರನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಪೊಲೀಸರಿಗೆ ತಿಳಿದರೆ ಅವರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ಅದರ ಮೂಲಕ ರೋಗಿಯ ತಪಾಸಣೆ ಮತ್ತು ದಾಖಲಾತಿ ಆಗಬಹುದು. ಅದಕ್ಕೂ ಮುಂಚೆ ನೀವಾಗಿಯೇ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ತಿಳಿಸುವುದು ಮೇಲು. ಮಾತ್ರೆ ನುಂಗಲು ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ, ಅವು ಶುರುವಾದ ಮೇಲೆ ಕಟ್ಟಿಹಾಕುವ ಪ್ರಮೇಯವೇ ಎಷ್ಟೋ ಮನೆಗಳಲ್ಲಿ ಉಳಿಯುವುದಿಲ್ಲ. ಹಗಲು ಹೊತ್ತು ನೋಡಿಕೊಳ್ಳುವ ‘ಮಾನಸಧಾರ’ ಕೇಂದ್ರಗಳ ಬಗ್ಗೆಯೂ ಆ ತಂಡವನ್ನೇ ವಿಚಾರಿಸಿ.

ಸಾಯ್ತೀನಿ ಅಂತಾನೆ. ಕೇಳಿದ್ರೆ ಇನ್ನೂ ಹೆಚ್ಚಾಗುತ್ತೆ ಅಂತ ಸುಮ್ನಿದ್ದೀವಿ. ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತಲ್ಲ?

ಕೇಳುವುದರಿಂದ ಆ ಯೋಚನೆ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿಯೇ ಕೇಳಿ, ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ, ಬೇರೆಯವರ ಬೀಗದಲ್ಲಿಡಿ. ಆ ಗಳಿಗೆಯ ಉದ್ವೇಗ ಬಹಳ ಸಲ ಗಂಟೆಗಳಲ್ಲಿ ಇಳಿಯುತ್ತದೆ, ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇಕಡಾ 70ರಷ್ಟು ಕುಸಿಯಿತು.

ಕೇಸಿನ ಹೆದರಿಕೆಯಿಂದ ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಅದು ರೂಢಿಯ ಕ್ರಮ.

ಪೇಪರ್‌ನಲ್ಲಿ ಬರೀ ರೈತರ ಆತ್ಮಹತ್ಯೆ ಅಂತ ಬರುತ್ತೆ. ನಮ್ಮಂಥ ಕೂಲಿಯೋರ ಲೆಕ್ಕ ಯಾರಿಗಾದ್ರೂ ಇದೆಯಾ?

ಲೆಕ್ಕವಿದೆ, ಚರ್ಚೆಯಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳಾದವು, ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ದಿನಗೂಲಿಯವರು. ಕೃಷಿಯನ್ನು ನಂಬಿದವರು 11,290. ಅದರೊಳಗೂ ಹೊಲವುಳ್ಳ ರೈತರು 5,207, ಕೃಷಿ ಕೂಲಿಗಳು 6,083. ಮೇಲಿನ ದಿನಗೂಲಿಯವರ ಲೆಕ್ಕದಲ್ಲಿ ಈ ಕೃಷಿ ಕೂಲಿಗಳು ಸೇರಿಲ್ಲ. ಪಹಣಿ ಇದ್ದವನ ಸಾವು ಸರ್ಕಾರದ ಕಡತಕ್ಕೆ ಬರುತ್ತದೆ, ಪರಿಹಾರದ ಮಾತಾಗುತ್ತದೆ. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೂ, ಮುಚ್ಚಿದ ಹತ್ತಿ ಗಿರಣಿಯಿಂದ ಹೊರಬಿದ್ದು ಆಮೇಲೆ ಸಿಕ್ಕ ಕೆಲಸ ಮಾಡಿಕೊಂಡಿದ್ದವನಿಗೂ ತೋರಿಸಲು ಪಹಣಿ ಇರುವುದಿಲ್ಲ.

ಮನಸ್ಸಿನ ಕಾಯಿಲೆಗೂ ಅಂಗವಿಕಲರ ಪಿಂಚಣಿ ಕೊಡ್ತಾರಂತೆ. ನೋಡೋಕೆ ಚೆನ್ನಾಗೇ ಇದ್ದಾನೆ ಅಂತ ಬರೆದುಬಿಟ್ರೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಮಾನಸಿಕ ಕಾಯಿಲೆ ಅವುಗಳಲ್ಲೊಂದು. ಪ್ರಮಾಣಪತ್ರಕ್ಕೆ ಶೇಕಡಾ 40 ಅಥವಾ ಹೆಚ್ಚು ವೈಕಲ್ಯ ಇರಬೇಕು. ಇದನ್ನು ಅಳೆಯುವ ‘ಐಡಿಯಾಸ್’ ಮಾಪಕ ರೋಗಿ ನೋಡಲು ಹೇಗಿದ್ದಾನೆ ಎಂದು ಕೇಳುವುದಿಲ್ಲ. ತನ್ನ ಸ್ನಾನ ಊಟ ನೋಡಿಕೊಳ್ಳುತ್ತಾನೆಯೇ, ಜನರೊಂದಿಗೆ ಬೆರೆಯುತ್ತಾನೆಯೇ, ಮಾತು ಅರ್ಥವಾಗುತ್ತದೆಯೇ, ದುಡಿಯುತ್ತಾನೆಯೇ, ಕಾಯಿಲೆ ಎಷ್ಟು ವರ್ಷದ್ದು ಎಂದು ಕೇಳುತ್ತದೆ. ಆದ್ದರಿಂದ ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು, ಅವನ ದಿನಚರಿ ಬಲ್ಲವರೊಬ್ಬರು ಜೊತೆಗೆ ಹೋಗಿ, ಇದ್ದುದನ್ನು ಇದ್ದಂತೆ ಹೇಳಿ. ಸಂಕೋಚಕ್ಕೆ ‘ಎಲ್ಲ ಮಾಡ್ಕೋತಾನೆ ಸಾರ್’ ಎನ್ನುವ ತಾಯಂದಿರಿಂದಲೇ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಬಡವರಿಗೆ ಕೌನ್ಸೆಲಿಂಗ್ ಬೇಕೋ, ದುಡ್ಡು ಬೇಕೋ? ದುಡ್ಡು ಕೊಟ್ರೆ ಎಲ್ಲ ಸರಿಹೋಗಲ್ವಾ?

ದುಡ್ಡಿನಿಂದ ಮನಸ್ಸಿಗೆ ಒಳ್ಳೆಯದಾಗುತ್ತದೆ ಎಂಬುದು ಈಗ ಊಹೆಯಲ್ಲ. ಬಡ ಕುಟುಂಬಗಳಿಗೆ ನೇರವಾಗಿ ನಗದು ಕೊಟ್ಟ ಹಲವು ದೇಶಗಳ ಅಧ್ಯಯನಗಳಲ್ಲಿ ಖಿನ್ನತೆ ಸ್ವಲ್ಪ ಇಳಿದಿದೆ. ಆ ‘ಸ್ವಲ್ಪ’ವನ್ನು ಗಮನಿಸಬೇಕು. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣ ಅಂಗಡಿಯ ಬಾಕಿಯನ್ನೂ ಅದರ ಅವಮಾನವನ್ನೂ ತಗ್ಗಿಸುತ್ತದೆ, ಆದರೆ ಈಗಾಗಲೇ ಬೇರೂರಿದ ಕಾಯಿಲೆಯನ್ನು ಅದೊಂದೇ ಕಿತ್ತುಹಾಕುವುದಿಲ್ಲ. ತಿರುಗಿಸಿ ಹೇಳಿದರೆ, ಮಾತ್ರೆ ಮತ್ತು ಮಾತಿನ ಚಿಕಿತ್ಸೆಯಿಂದ ಚೇತರಿಸಿಕೊಂಡವರು ಹೆಚ್ಚು ದಿನ ಕೆಲಸಕ್ಕೆ ಹೋಗುತ್ತಾರೆಂದೂ ಅಧ್ಯಯನಗಳು ತೋರಿಸಿವೆ. ಹಾಗಾಗಿ ಚಿಕಿತ್ಸೆಯ ಖರ್ಚು ಕೂಡ ಬಡತನ ತಗ್ಗಿಸುವ ಖರ್ಚೇ, ಅದನ್ನು ಆರೋಗ್ಯ ಇಲಾಖೆಯ ತಲೆನೋವೆಂದು ಉಳಿದ ಇಲಾಖೆಗಳು ಕೈತೊಳೆದುಕೊಳ್ಳಬಾರದು ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಜನಕ್ಕೆ ಮನೋವೈದ್ಯರನ್ನ ಎಲ್ಲಿಂದ ತರ್ತೀರಿ?

ಎಲ್ಲರಿಗೂ ಮನೋವೈದ್ಯರೇ ಬೇಕೆಂದು ಕಾಯುತ್ತ ಕುಳಿತರೆ ಆಗದು ಎಂಬುದನ್ನು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯೇ ನಾಲ್ಕು ದಶಕಗಳ ಹಿಂದೆ ತೋರಿಸಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಮಟ್ಟದಲ್ಲೇ ಕಾಯಿಲೆ ಗುರುತಿಸಿ ಮಾತ್ರೆ ಕೊಡಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಗೋವಾದಲ್ಲಿ ಮನೋವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆ ಮಾಡಿಸಿದಾಗ ತೀವ್ರ ಖಿನ್ನತೆಯವರಲ್ಲಿಯೂ ಸುಧಾರಣೆ ಕಂಡಿತು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಗಿದೆ.

ನಮ್ಮಲ್ಲಿ ಈ ಕೆಲಸಕ್ಕೆ ಆಶಾ ಕಾರ್ಯಕರ್ತೆಯರ ಹೆಸರೇ ಎಲ್ಲರ ಬಾಯಲ್ಲಿ ಬರುತ್ತದೆ. ಗರ್ಭಿಣಿಯ ನೋಂದಣಿಯಿಂದ ಕ್ಷಯದ ಕಫ ಪರೀಕ್ಷೆಯವರೆಗೆ ಹೊತ್ತಿರುವ, ಅಲ್ಪ ಗೌರವಧನದವರ ಮೇಲೆ ಇದನ್ನೂ ಹೊರಿಸುವುದಾದರೆ ಅದಕ್ಕೆ ಬೇರೆ ಹಣ, ಬೇರೆ ತರಬೇತಿ ಕೊಡಬೇಕು. ಕಷ್ಟದ ಪ್ರಕರಣ ಬಂದಾಗ ಅವರ ಫೋನ್ ಎತ್ತುವ ಮನೋವೈದ್ಯರೊಬ್ಬರು ಜಿಲ್ಲೆಯಲ್ಲಿ ಇರಬೇಕು.